ಅಮ್ಮ ಹಾಸಿಗೆ ಹಿಡಿದಿರುವಾಗ ಹಕ್ಕಿ ಫೋಟೋ ತೆಗೆಯಬಹುದೇ?

ಪ್ರಶ್ನೆ: ನನ್ನ ಅಮ್ಮನಿಗೆ 71 ವರ್ಷ. ಐದು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಆಡುತ್ತಿಲ್ಲ. ಮಾತೂ ತೊದಲುತ್ತದೆ. ಬೆಂಗಳೂರಿನ ಕೆಲಸಕ್ಕೆ ರಜೆ ಹಾಕಿ ತಿಪಟೂರಿಗೆ ಬಂದು ಅವರನ್ನು ನೋಡಿಕೊಳ್ಳುತ್ತಿದ್ದೇನೆ. ಅವರ ಕೋಣೆಯ ಕಿಟಕಿ ಪೂರ್ವಕ್ಕೆ, ಹಿತ್ತಲ ಕಡೆಗಿದೆ. ಅಲ್ಲಿಂದ ಹನ್ನೆರಡು ಅಡಿ ದೂರದಲ್ಲಿ, ಬಟ್ಟೆ ಒಣಹಾಕುವ ತಂತಿಗೆ ಒಂದು ಪುಟ್ಟ ಹಕ್ಕಿ ಗೂಡು ಕಟ್ಟುತ್ತಿದೆ. ಹಮ್ಮಿಂಗ್ ಬರ್ಡ್ ಇರಬೇಕು. ನನ್ನ ಹತ್ತಿರ ಹಳೆಯ ಡಿಎಸ್‌ಎಲ್‌ಆರ್ ಇದೆ, 18-55 ಮತ್ತು 55-250 ಲೆನ್ಸ್ ಇವೆ. ಕಿಟಕಿಯ ಸೊಳ್ಳೆ ಜಾಲರಿಯ ಒಳಗಿಂದ ತೆಗೆದ ಫೋಟೋ ಎಲ್ಲಾ ಮಸುಕು. ಎರಡನ್ನು ಜೊತೆಗೆ ಕಳಿಸಿದ್ದೇನೆ. ದೊಡ್ಡ ಲೆನ್ಸ್ ಕೊಳ್ಳಲೇಬೇಕಾ? ಇನ್ನೊಂದು ಮಾತು. ಮೊನ್ನೆ ಅಮ್ಮನನ್ನು ನೋಡಲು ಬಂದ ನೆಂಟರೊಬ್ಬರು ‘ತಾಯಿ ಹೀಗಿರುವಾಗ ಇದೆಲ್ಲ ಬೇಕಾ?’ ಎಂದರು. ಆಮೇಲೆ ಕ್ಯಾಮೆರಾ ಮುಟ್ಟಲೇ ನಾಚಿಕೆ ಆಗುತ್ತಿದೆ.

ಉತ್ತರ: ನಿಮ್ಮ ಹಿತ್ತಲಿಗೆ ಬಂದಿರುವುದು ಸೂರಕ್ಕಿ. ಹಮ್ಮಿಂಗ್ ಬರ್ಡ್ ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. ನಮ್ಮಲ್ಲಿ ದಾಸವಾಳದ ಮುಂದೆ ರೆಕ್ಕೆ ಬಡಿಯುತ್ತಾ ಮಕರಂದ ಹೀರುವ, ಬಾಗಿದ ಕೊಕ್ಕಿನ ಪುಟ್ಟ ಹಕ್ಕಿ ಕಂಡರೆ ಅದು ಸೂರಕ್ಕಿ. ನಿಮ್ಮ ಮಸುಕು ಫೋಟೋದಲ್ಲೂ ಎದೆಯ ಹಳದಿ, ಗಂಟಲಿನ ಬೂದು ಬಿಳಿ ಗೊತ್ತಾಗುತ್ತದೆ. ಹಾಗಾಗಿ ಇದು ಹೆಣ್ಣು. ಗೂಡು ಕಟ್ಟುವ ಕೆಲಸ ಹೆಚ್ಚಾಗಿ ಅವಳದೇ. ಗಂಡು ಅಲ್ಲೇ ಸುತ್ತಮುತ್ತ ಇರುತ್ತಾನೆ. ಅವನ ಎದೆಗೆ ಕಂದುಗೆಂಪು ಪಟ್ಟಿ, ನೆತ್ತಿಗೆ ಹಸಿರು ಮಿಂಚು, ಬೆನ್ನಿನ ಕೆಳಗೆ ನೇರಳೆ ಬಣ್ಣ.

ಮೊದಲ ಎರಡು ಮೂರು ದಿನ ಕ್ಯಾಮೆರಾ ಪಕ್ಕಕ್ಕಿಟ್ಟು ಸುಮ್ನೆ ನೋಡಿ. ಅವಳು ಸೂರಿನ ಮೂಲೆಯಿಂದ ಜೇಡರ ಬಲೆ ಕಿತ್ತು ತರುತ್ತಾಳೆ. ಬಲೆ ಕೊಕ್ಕಿಗೆಲ್ಲ ಮೆತ್ತಿಕೊಂಡಿರುತ್ತದೆ. ಗೂಡಿಗೆ ಕೊಕ್ಕು ಉಜ್ಜಿ ಉಜ್ಜಿ ಅದನ್ನು ಅಂಟಿಸುತ್ತಾಳೆ. ಅದರ ಮೇಲೆ ಒಣ ನಾರು, ತೊಗಟೆಯ ಚೂರು, ಹುಳುಗಳ ಹಿಕ್ಕೆ. ದೂರದಿಂದ ನೋಡಿದವರಿಗೆ ತಂತಿಗೆ ಏನೋ ಕಸ ಸಿಕ್ಕಿಕೊಂಡಿದೆ ಅನಿಸಬೇಕು. ಕಾಗೆಯ ಕಣ್ಣು ತಪ್ಪಿಸಲು ಅವಳಿಗೆ ಬೇಕಾದದ್ದೂ ಅದೇ. ಪಕ್ಕದಲ್ಲೊಂದು ಬಾಗಿಲು, ಬಾಗಿಲ ಮೇಲೆ ಮಳೆನೀರು ಒಳಗೆ ಬೀಳದ ಹಾಗೆ ಪುಟ್ಟ ಸೂರು. ಕೊನೆಗೆ ಒಳಗೆ ಹತ್ತಿಯ ಮೆತ್ತೆ ಹಾಕುತ್ತಾಳೆ. ಎಷ್ಟೋ ಸಲ ಅದು ಎಕ್ಕದ ಕಾಯಿಯಿಂದ ತಂದದ್ದಾಗಿರುತ್ತದೆ. ಕೊಕ್ಕಿನಲ್ಲಿ ಬಿಳಿ ಹತ್ತಿ ಕಂಡಿತೆಂದರೆ ಗೂಡು ಮುಗಿಯುತ್ತಾ ಬಂತು ಎಂದು ತಿಳಿಯಿರಿ.

ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವು ಸುಮಾರು ಎರಡು ವಾರ. ಮರಿ ಗೂಡು ಬಿಡಲು ಮತ್ತೆ ಎರಡೂವರೆ ವಾರ. ಒಟ್ಟು ಒಂದು ತಿಂಗಳಿಗಿಂತ ಜಾಸ್ತಿಯೇ ಆ ತಂತಿ ನಿಮ್ಮದಲ್ಲ. ಹಾಸಿಗೆ ಹಿಡಿದವರ ಮನೆಯಲ್ಲಿ ದಿನಕ್ಕೆ ಎಷ್ಟು ಬೆಡ್‌ಶೀಟ್ ಒಗೆಯಬೇಕಾಗುತ್ತದೆ ಎಂದು ನನಗೆ ಗೊತ್ತು. ಇವತ್ತೇ ಬೇರೆ ಕಡೆ ಒಂದು ಹಗ್ಗ ಕಟ್ಟಿಕೊಳ್ಳಿ.

ಈಗ ನಾಚಿಕೆಯ ಮಾತು. ನಮ್ಮ ಯಜಮಾನರ ಕಿಡ್ನಿ ಕೈಕೊಟ್ಟಾಗ ವಾರಕ್ಕೆ ಮೂರು ದಿನ ಡಯಾಲಿಸಿಸ್, ಪ್ರತಿ ಸಲ ನಾಲ್ಕು ಗಂಟೆ. ಉಳಿದ ದಿನ ಅವರಿಗೆ ಏಳಲೂ ಶಕ್ತಿ ಇರುತ್ತಿರಲಿಲ್ಲ. ಅಲ್ಲಿಯವರೆಗೆ ನಾನು ಕಾಡಿಗೆ ಹೋಗಿ ಫೋಟೋ ತೆಗೆಯುತ್ತಿದ್ದವಳು, ಹುಡುಗರಿಗೆ ಹೇಳಿಕೊಡುತ್ತಿದ್ದವಳು. ಅದೆಲ್ಲ ನಿಂತಿತು. ಆ ಮಳೆಗಾಲ ನಮ್ಮ ಮನೆಯ ಹಿಂದಿನ ದಾಸವಾಳದ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿತು. ಬಟ್ಟಲಿನಂಥ ಗೂಡು, ಮೂರು ಮೊಟ್ಟೆ. ಅಡುಗೆಮನೆ ಕಿಟಕಿಯಿಂದ ದಿನಾ ಒಂದೆರಡು ಫೋಟೋ ತೆಗೆಯುತ್ತಿದ್ದೆ. ನನಗೂ ಕೇಳಿದವರಿದ್ದರು, ಇದೆಲ್ಲ ಈಗ ಬೇಕಾ ಅಂತ.

ನಾನು ಯಾರಿಗೂ ಹೇಳದ ಒಂದು ಲೆಕ್ಕವನ್ನು ಮನಸ್ಸಿನಲ್ಲಿ ಹಾಕಿಕೊಂಡಿದ್ದೆ. ಈ ಮರಿಗಳು ಹಾರಿದರೆ ಇವರೂ ಗುಣವಾಗುತ್ತಾರೆ ಎಂದು. ಒಂದು ಬೆಳಿಗ್ಗೆ ನೋಡಿದರೆ ಗೂಡು ಓರೆಯಾಗಿತ್ತು, ಮರಿ ಒಂದೂ ಇರಲಿಲ್ಲ. ಹಿಂದಿನ ದಿನ ಕೆಂಬೂತ ಅಲ್ಲೇ ಓಡಾಡುತ್ತಿದ್ದುದನ್ನು ನಾನೇ ನೋಡಿದ್ದೆ. ಕೆಂಬೂತಕ್ಕೂ ಹೊಟ್ಟೆಯಿದೆ, ಅದಕ್ಕೂ ಮರಿಗಳಿವೆ. ಇಪ್ಪತ್ತು ವರ್ಷ ಹಕ್ಕಿ ನೋಡಿದವಳಿಗೆ ಇದು ಗೊತ್ತಿಲ್ಲದ್ದಲ್ಲ. ಆದರೂ ಎರಡು ದಿನ ನನ್ನ ಗಂಟಲಲ್ಲಿ ಅನ್ನ ಇಳಿಯಲಿಲ್ಲ.

ಅದಕ್ಕೇ ಇದನ್ನು ಕೈಮುಗಿದು ಹೇಳುತ್ತಿದ್ದೇನೆ. ಸೂರಕ್ಕಿಯ ಗೂಡಿಗೂ ನಿಮ್ಮ ಅಮ್ಮನ ಆರೋಗ್ಯಕ್ಕೂ ಗಂಟು ಹಾಕಬೇಡಿ. ಪುಟ್ಟ ಹಕ್ಕಿಗಳ ಗೂಡು ಎಷ್ಟೋ ಸಲ ಹಾಳಾಗುತ್ತದೆ. ಕಾಗೆ, ಹಾವು, ಇರುವೆ, ಒಂದು ಜೋರು ಮಳೆ, ಯಾವುದಾದರೂ ಸಾಕು. ಹಾಳಾದರೆ ಅದು ಅಪಶಕುನವೂ ಅಲ್ಲ, ನೀವು ಫೋಟೋ ತೆಗೆದ ತಪ್ಪೂ ಅಲ್ಲ. ಮರಿ ಹಾರಿದರೆ ಖುಷಿಪಡಿ. ಆದರೆ ಅದನ್ನೂ ಶಕುನ ಅಂದುಕೊಳ್ಳಬೇಡಿ. ನಿಮ್ಮ ಮನಸ್ಸಿನ ಭಾರವನ್ನು ಹತ್ತು ಗ್ರಾಮೂ ಇಲ್ಲದ ಆ ಹಕ್ಕಿಯ ಮೇಲೆ ಹೊರಿಸುವುದು ಬೇಡ. ಅದು ಬರೀ ಹಕ್ಕಿಯಾಗಿಯೇ ಇರಲಿ. ಆಗ ಅದನ್ನು ನೋಡಿದಷ್ಟು ಹೊತ್ತು ನಿಮಗೂ ಸ್ವಲ್ಪ ಉಸಿರಾಡಲು ಆಗುತ್ತದೆ.

ನೆಂಟರ ಮಾತಿಗೆ ಹೆಚ್ಚು ಹೇಳುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಜಾನ್ ಬಕ್ಸ್‌ಟನ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿ 1940ರಲ್ಲಿ ನಾರ್ವೆಯಲ್ಲಿ ಸೆರೆ ಸಿಕ್ಕಿ, ಯುದ್ಧ ಮುಗಿಯುವವರೆಗೆ ಜರ್ಮನಿಯ ಸೆರೆಶಿಬಿರಗಳಲ್ಲಿದ್ದರು. ತಂತಿಬೇಲಿಯೊಳಗೆ ಬರುತ್ತಿದ್ದ ರೆಡ್‌ಸ್ಟಾರ್ಟ್ ಎಂಬ ಪುಟ್ಟ ಹಕ್ಕಿಯನ್ನು ಅವರು ಗೆಳೆಯರ ಜೊತೆ ಸೇರಿ ನೂರಾರು ಗಂಟೆ ನೋಡಿ ಬರೆದಿಟ್ಟರು. ಆ ಟಿಪ್ಪಣಿಗಳ ಆಧಾರದ ಮೇಲೆ 1950ರಲ್ಲಿ ಬಂದ ಅವರ ಪುಸ್ತಕವನ್ನು ಹಕ್ಕಿ ತಜ್ಞರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಕಷ್ಟದಲ್ಲಿರುವ ಮನುಷ್ಯ ಹಕ್ಕಿ ನೋಡಿದರೆ ಕಷ್ಟವನ್ನು ಹಗುರವಾಗಿ ಎಣಿಸಿದ ಹಾಗಲ್ಲ. ಅಮ್ಮನ ಕೋಣೆಯಲ್ಲೇ, ಅಮ್ಮನ ಪಕ್ಕದಲ್ಲೇ ಕೂತು ತೆಗೆಯುತ್ತಿದ್ದೀರಲ್ವಾ? ಅದರಲ್ಲಿ ಯಾವ ತಪ್ಪೂ ನನಗೆ ಕಾಣುವುದಿಲ್ಲ.

ಇನ್ನು ಫೋಟೋದ ಕೆಲಸ. ನಿಮ್ಮ ಸಮಯ ಚೂರು ಚೂರು. ಹಾಸಿಗೆ ಹುಣ್ಣು ಆಗದಿರಲಿ ಎಂದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಗಂಜಿ, ಮಾತ್ರೆ, ಫಿಸಿಯೋ, ಡಯಾಪರ್. ಗಂಟೆಗಟ್ಟಲೆ ಕಾದು ಕೂರಲು ಆಗುವುದಿಲ್ಲ. ಒಳ್ಳೆಯ ಸುದ್ದಿ ಏನೆಂದರೆ ಹಿತ್ತಲ ಪ್ರಾಣಿಪಕ್ಷಿಗಳು ಹೊತ್ತು ತಪ್ಪುವುದು ಕಡಿಮೆ. ಮಡಿವಾಳ ಹಕ್ಕಿ ಬೆಳಕು ಹರಿಯುವ ಮೊದಲೇ ಅದೇ ಕೊಂಬೆಯಲ್ಲಿ ಹಾಡುತ್ತದೆ. ಓತಿಕ್ಯಾತ ಕಲ್ಲು ಬಿಸಿಯಾದ ಮೇಲೆ ಅದೇ ಕಲ್ಲಿಗೆ ಬರುತ್ತದೆ. ಹರಟೆಮಲ್ಲರ ಗುಂಪು ಹೆಚ್ಚುಕಡಿಮೆ ಅದೇ ಹೊತ್ತಿಗೆ ಎಲೆಗುಡ್ಡೆ ಕೆದಕಿ ಮುಂದೆ ಹೋಗುತ್ತದೆ.

ಅಮ್ಮನ ಮಾತ್ರೆಯ ಹೊತ್ತು ಬರೆಯುವ ಪುಸ್ತಕ ಇದ್ದೇ ಇರುತ್ತದೆ. ಅದರ ಹಿಂದಿನ ಹಾಳೆಯಲ್ಲಿ ಹಕ್ಕಿಯ ಹೊತ್ತನ್ನೂ ಬರೆಯಿರಿ. ‘7.10 ಸೂರಕ್ಕಿ, ಬಲೆ. 7.16 ಮತ್ತೆ. 7.21 ಗಂಡು ಬಂದು ಹೋಯಿತು.’ ಇಷ್ಟೇ ಸಾಕು. ನಾಲ್ಕು ದಿನ ಕಳೆಯುವಷ್ಟರಲ್ಲಿ ಯಾವ ಹತ್ತು ನಿಮಿಷ ಕೂತರೆ ಹಕ್ಕಿ ಬರುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ. ಅಮ್ಮನಿಗೆ ಮಗ್ಗುಲು ಬದಲಿಸಿ, ಆ ಹತ್ತು ನಿಮಿಷ ಕೂತು, ಏಳಿ. ಕಾಡಿನಲ್ಲಿ ಇಡೀ ದಿನ ಕಾದು ಬರಿಗೈಲಿ ಬಂದ ದಿನಗಳು ನನಗೆ ಎಷ್ಟೋ ಇವೆ. ಹಿತ್ತಲಲ್ಲಿ ಹೊತ್ತು ಗೊತ್ತಿದ್ದವರಿಗೆ ಹಾಗಾಗುವುದು ಅಪರೂಪ. (ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿ ಗಣತಿಗೂ ಒಂದು ಸಲಕ್ಕೆ 15 ನಿಮಿಷ ಸಾಕು. ಮನಸ್ಸಿದ್ದರೆ ಇ-ಬರ್ಡ್ ಆ್ಯಪ್‌ನಲ್ಲಿ ನಿಮ್ಮ ಪಟ್ಟಿ ಹಾಕಬಹುದು. ಕಿಟಕಿಯಿಂದ ಕಂಡ ಹಕ್ಕಿಯೂ ಲೆಕ್ಕಕ್ಕೆ ಸೇರುತ್ತದೆ.)

ಮಸುಕಿಗೆ ಮೊದಲ ಕಾರಣ ಆ ಜಾಲರಿ. ಲೆನ್ಸ್ ಜಾಲರಿಯಿಂದ ಒಂದಡಿ ಹಿಂದಿದ್ದರೆ ಅದರ ಎಳೆಗಳೆಲ್ಲ ಚಿತ್ರದಲ್ಲಿ ಬರುತ್ತವೆ. ಲೆನ್ಸಿನ ಮೂತಿಯನ್ನು ಜಾಲರಿಗೆ ತಾಗುವಷ್ಟು ಹತ್ತಿರ ತನ್ನಿ. 250ಕ್ಕೆ ಜೂಮ್ ಮಾಡಿ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಷ್ಟು ದೊಡ್ಡದಾಗುತ್ತದೋ ಅಷ್ಟು, ಅಂದರೆ ಎಫ್ 5.6 ಇಡಿ. ಆಗ ಎಳೆಗಳು ಕರಗಿ ತೆಳು ಮಂಜಿನಂತೆ ಆಗುತ್ತವೆ. ಆ ಮಂಜನ್ನು ಆಮೇಲೆ ಫೋನಿನಲ್ಲೇ ಕಾಂಟ್ರಾಸ್ಟ್ ಸ್ವಲ್ಪ ಏರಿಸಿ ಸರಿಮಾಡಬಹುದು. ಜಾಲರಿ ವೆಲ್ಕ್ರೋದ್ದಾದರೆ ಇನ್ನೂ ಒಳ್ಳೆಯದು. ಕೆಳಗಿನ ಮೂಲೆ ಒಂದು ಗೇಣು ಬಿಚ್ಚಿ, ಲೆನ್ಸ್ ತೂರಿಸಿ, ಸುತ್ತ ಹಳೆ ಟವೆಲ್ ತುರುಕಿ. ಸೊಳ್ಳೆ ಒಳಗೆ ಬರುವುದಿಲ್ಲ. ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಒಳಗೆ ಕತ್ತಲಿದ್ದರೆ ಹಕ್ಕಿಗೆ ನೀವು ಕಾಣುವುದೂ ಕಡಿಮೆ.

ಎರಡನೇ ಕಾರಣ ಫೋಕಸ್. ಆಟೋ ಫೋಕಸ್ ಜಾಲರಿಗೂ ಗೂಡಿಗೂ ನಡುವೆ ಅತ್ತಿತ್ತ ಒದ್ದಾಡುತ್ತದೆ. ಆದರೆ ಗೂಡು ಇದ್ದಲ್ಲೇ ಇರುತ್ತದಲ್ವಾ? ಮಧ್ಯದ ಒಂದೇ ಪಾಯಿಂಟ್ ಇಟ್ಟುಕೊಂಡು ಗೂಡಿನ ಬಾಗಿಲಿಗೆ ಒಮ್ಮೆ ಫೋಕಸ್ ಮಾಡಿ. ಆಮೇಲೆ ಲೆನ್ಸಿನ ಪಕ್ಕದ ಸ್ವಿಚ್ಚನ್ನು ಮ್ಯಾನ್ಯುಯಲ್‌ಗೆ ತಳ್ಳಿಬಿಡಿ. ಇನ್ನು ಹಕ್ಕಿ ಬಂದಾಗ ಬಟನ್ ಒತ್ತುವುದೊಂದೇ ಕೆಲಸ.

ಮೂರನೆಯದು ಕೈ ನಡುಕ ಮತ್ತು ಹಕ್ಕಿಯ ಚುರುಕು. ಹಳೆಯ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಒಂದು ಬದಿ ಹೊಲಿದು, ಎರಡು ಕೆಜಿ ಅಕ್ಕಿಯನ್ನೋ ರಾಗಿಯನ್ನೋ ತುಂಬಿ, ಇನ್ನೊಂದು ಬದಿಯನ್ನೂ ಹೊಲಿಯಿರಿ. ಕಿಟಕಿ ಕಟ್ಟೆಯ ಮೇಲೆ ಇದನ್ನಿಟ್ಟು ಅದರ ಮೇಲೆ ಲೆನ್ಸ್ ಕೂರಿಸಿ. ಕಾಡಿನಲ್ಲಿ ಜೀಪಿನ ಕಿಟಕಿಗೆ ನಾವು ಇಡುವುದೂ ಇಂಥದ್ದೇ ಚೀಲ. ಟ್ರೈಪಾಡ್ ಬೇಡ, ಅಮ್ಮನ ಕೋಣೆಯಲ್ಲಿ ಕಾಲಿಗೆ ತೊಡರುತ್ತದೆ. ಶಟರ್ ವೇಗ ಕನಿಷ್ಠ 1/1000 ಸೆಕೆಂಡ್ ಇರಲಿ. ಅದಕ್ಕಾಗಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 1600, 3200ಕ್ಕೆ ಹೋದರೂ ಹೆದರಬೇಡಿ. ಚಿತ್ರದಲ್ಲಿ ಸ್ವಲ್ಪ ಕಾಳು ಕಾಣಿಸಿದರೂ ಪರವಾಗಿಲ್ಲ, ಹಕ್ಕಿ ಅಲುಗಿದ್ದರೆ ಏನೂ ಮಾಡಲಾಗದು. ಅವಳು ಒಳಗೆ ಕಾವಿಗೆ ಕೂತು ಬಾಗಿಲಿಂದ ಕೊಕ್ಕು ಮಾತ್ರ ಹೊರಗಿಟ್ಟಿರುವಾಗ 1/250 ಸಾಕು.

ಬೆಳಕಿನ ವಿಷಯದಲ್ಲಿ ಎಲ್ಲರೂ ಬೆಳಿಗ್ಗೆ ತೆಗೆಯಿರಿ ಎನ್ನುತ್ತಾರೆ. ನಿಮ್ಮ ಕಿಟಕಿಗೆ ಆ ಮಾತು ಹೊಂದುವುದಿಲ್ಲ. ಪೂರ್ವದ ಕಿಟಕಿಯಾದ್ದರಿಂದ ಬೆಳಿಗ್ಗೆ ಸೂರ್ಯ ಹಕ್ಕಿಯ ಹಿಂದಿರುತ್ತಾನೆ. ಬಿಸಿಲು ಜಾಲರಿಗೂ ಹೊಡೆದು ಚಿತ್ರವೆಲ್ಲ ಬೆಳ್ಳಗಾಗುತ್ತದೆ. ನಿಮ್ಮ ಎರಡೂ ಫೋಟೋದಲ್ಲಿ ಆಗಿರುವುದು ಇದೇ. ಮಧ್ಯಾಹ್ನ ಮೂರರ ಮೇಲೆ ಮನೆಯ ನೆರಳು ಹಿತ್ತಲ ಮೇಲೆ ಬೀಳುತ್ತದೆ. ಆ ನೆರಳಿನಲ್ಲಿ ಮೆತ್ತನೆಯ, ಸಮನಾದ ಬೆಳಕು ಇರುತ್ತದೆ. ಮೂರರಿಂದ ಐದು ನಿಮ್ಮ ಹೊತ್ತು. ಬೆಳಿಗ್ಗೆಯೇ ತೆಗೆಯಬೇಕೆಂದರೆ ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟಾಗುವ ಹಾಗೆ, ಏರಿಸಿ. ಗಂಡು ಹಕ್ಕಿಯ ಹೊಳಪಿನ ಬಗ್ಗೆ ಒಂದು ಗುಟ್ಟು ಇದೆ. ನೆತ್ತಿಯ ಆ ಹಸಿರು ಗರಿಗೆ ಬಳಿದ ಬಣ್ಣದ ಹಾಗಲ್ಲ. ಗರಿಯ ರಚನೆಯಲ್ಲಿ ಬೆಳಕು ತಾಗಿ ಹುಟ್ಟುವ ಬಣ್ಣ ಅದು. ಬೆಳಕು ಸರಿಯಾದ ಕೋನದಲ್ಲಿ ಬಿದ್ದರೆ ಪಚ್ಚೆಕಲ್ಲಿನಂತೆ ಮಿಂಚುತ್ತದೆ, ಇಲ್ಲದಿದ್ದರೆ ಬರೀ ಕಪ್ಪು. ಅವನು ತಲೆ ಆಡಿಸುತ್ತಲೇ ಇರುತ್ತಾನೆ. ಅದಕ್ಕೇ ಒಂದರ ಹಿಂದೆ ಒಂದು ಐದಾರು ಫೋಟೋ ತೆಗೆಯಿರಿ, ಒಂದರಲ್ಲಿ ಮಿಂಚು ಸಿಗುತ್ತದೆ.

ಗೂಡಿನ ವಿಷಯದಲ್ಲಿ ಮಾತ್ರ ನಾನು ತುಂಬಾ ಕಟ್ಟುನಿಟ್ಟು. ಫ್ಲ್ಯಾಷ್ ಬೇಡವೇ ಬೇಡ. ಅಡ್ಡ ಬಂದ ಎಲೆ, ಕಡ್ಡಿ ಕೀಳಬೇಡಿ, ಮರಿಗೆ ಬಿಸಿಲಿನಿಂದಲೂ ಕಾಗೆಯಿಂದಲೂ ಅದೇ ರಕ್ಷಣೆ. ಒಳಗೆ ಎಷ್ಟು ಮೊಟ್ಟೆ ಇದೆ ಎಂದು ಬೆರಳು ಹಾಕಬೇಡಿ, ಫೋನ್ ಹಿಡಿದು ಇಣುಕಬೇಡಿ. ಅವಳು ಕೊಕ್ಕಿನಲ್ಲಿ ಹುಳು ಹಿಡಿದುಕೊಂಡು ಒಳಗೆ ಹೋಗದೆ ತಂತಿಯ ಮೇಲೆ ಅತ್ತಿತ್ತ ಜಿಗಿಯುತ್ತಾ ಚಿಟ್ ಚಿಟ್ ಎನ್ನುತ್ತಿದ್ದರೆ ನಿಮ್ಮಿಂದ ತೊಂದರೆಯಾಗಿದೆ ಎಂದರ್ಥ. ತಕ್ಷಣ ಕಿಟಕಿಯಿಂದ ಹಿಂದೆ ಸರಿಯಿರಿ. ಮೊಟ್ಟೆ ಇಟ್ಟ ಮೊದಲ ದಿನಗಳಲ್ಲಂತೂ ಆದಷ್ಟು ದೂರವಿರಿ. ಆಗ ಗಾಬರಿಯಾದರೆ ಗೂಡು ಬಿಟ್ಟೇ ಹೋಗಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಗೂಡು, ಮೊಟ್ಟೆಗೆ ತೊಂದರೆ ಕೊಡುವಂತಿಲ್ಲ ಎನ್ನುತ್ತದೆ. ಕಾಯ್ದೆ ಇಲ್ಲದಿದ್ದರೂ ನೀವು ಹಾಗೆ ಮಾಡುವವರಲ್ಲ ಎಂದು ನಿಮ್ಮ ಪತ್ರ ಓದಿದರೆ ತಿಳಿಯುತ್ತದೆ.

ಒಂದೇ ಗೂಡನ್ನು ನೆಚ್ಚಿಕೊಳ್ಳಬೇಡಿ ಎಂದು ಹೇಳಲು ಇದೂ ಒಂದು ಕಾರಣ. ಕಾವಿನ ಎರಡು ವಾರ ಬೇರೆಯವರನ್ನು ನೋಡಿ. ಹೂಕುಂಡದ ಅಡಿಯ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ಆಳ ನೀರಿಟ್ಟರೆ ಪಿಕಳಾರ, ಗೊರವಂಕ, ಅಳಿಲು ಬರುತ್ತವೆ. ಬೆಕ್ಕು ಹೊಂಚು ಹಾಕದ ಜಾಗದಲ್ಲಿಡಿ. ನೀರು ದಿನಾ ಚೆಲ್ಲಿ ತೊಳೆಯಿರಿ, ಇಲ್ಲವಾದರೆ ಸೊಳ್ಳೆ ಸಾಕಿದ ಹಾಗಾಗುತ್ತದೆ. ಆ ತಟ್ಟೆಯನ್ನು ಗೂಡಿನ ಹತ್ತಿರ ಮಾತ್ರ ಇಡಬೇಡಿ, ಕಾಗೆಯೂ ನೀರಿಗೆ ಬರುತ್ತದೆ.

ಪಿಕಳಾರದ ಗೂಡು ಹೋದ ಮೇಲೆ ನನ್ನನ್ನು ಮತ್ತೆ ಕ್ಯಾಮೆರಾ ಹಿಡಿಯುವ ಹಾಗೆ ಮಾಡಿದ್ದು ಒಂದು ಹುಳು. ಅಡುಗೆಮನೆ ಬಾಗಿಲ ಪಕ್ಕದ ಕರಿಬೇವಿನ ಕುಂಡದಲ್ಲಿ ಹಕ್ಕಿಯ ಹಿಕ್ಕೆಯ ಹಾಗಿತ್ತು, ಕಂದು ಬಿಳಿ. ಒರೆಸಿ ಹಾಕಲು ಹೋದೆ. ಅದು ತಲೆ ಎತ್ತಿ, ಕಿತ್ತಳೆ ಬಣ್ಣದ ಎರಡು ಮೆತ್ತನೆ ಕೊಂಬು ಹೊರಗೆ ಚಾಚಿತು. ಘಾಟು ವಾಸನೆ. ನಿಂಬೆ ಚಿಟ್ಟೆಯ ಮರಿ ಅದು. ದೊಡ್ಡದಾಗುತ್ತಾ ಹಿಕ್ಕೆಯ ವೇಷ ಬಿಟ್ಟು ಎಲೆಹಸಿರಾಯಿತು. ಯಜಮಾನರು ಮಲಗಿದಲ್ಲಿಂದಲೇ ‘ಇವತ್ತು ಎಷ್ಟುದ್ದ ಆಗಿದೆ?’ ಎಂದು ಕೇಳುತ್ತಿದ್ದರು. ದಿನಾ ಒಂದು ಫೋಟೋ, ಪಕ್ಕದಲ್ಲಿ ಒಂದು ಬೆಂಕಿಕಡ್ಡಿ ಇಟ್ಟು. ಒಂದು ದಿನ ಕಡ್ಡಿಗೆ ನೂಲಿನಿಂದ ಸೊಂಟ ಕಟ್ಟಿಕೊಂಡು ಕೋಶವಾಯಿತು. ಚಿಟ್ಟೆ ಹೊರಬಂದ ದಿನ ನಾವು ಡಯಾಲಿಸಿಸ್‌ಗೆ ಹೋಗಿದ್ದೆವು. ಬಂದು ನೋಡಿದರೆ ಖಾಲಿ ಚಿಪ್ಪು, ಒಣ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ, ಅದರ ಮೂಲಕ ಬಲ್ಬಿನ ಬೆಳಕು ಕಾಣುತ್ತಿತ್ತು. ಅದನ್ನೇ ತೆಗೆದೆ. ಅವರು ಹೋಗಿ ನಾಲ್ಕು ವರ್ಷವಾಯಿತು. ಅವರ ಫೋನಿನ ವಾಲ್‌ಪೇಪರ್ ಕೊನೆಯವರೆಗೂ ಆ ಖಾಲಿ ಚಿಪ್ಪೇ ಆಗಿತ್ತು.

ನಿಮ್ಮಲ್ಲೂ ಕರಿಬೇವೋ ನಿಂಬೆಯೋ ಇದ್ದರೆ ಎಲೆ ತಿರುವಿ ನೋಡಿ. ಇದಕ್ಕೆ 18-55 ಲೆನ್ಸೂ ಸಾಕು, ಫೋನೂ ಸಾಕು. ಔಷಧಿ ಮಾತ್ರ ಹೊಡೆಯಬೇಡಿ.

ಅಮ್ಮನನ್ನೂ ಇದರಲ್ಲಿ ಸೇರಿಸಿಕೊಳ್ಳಿ. ಹಾಸಿಗೆಯ ತಲೆಭಾಗ ಎತ್ತರಿಸಿದರೆ ತಂತಿ ಅವರಿಗೆ ಕಾಣುತ್ತದೆಯೇ ನೋಡಿ. ಎಡಗೈ ಆಡುತ್ತದಲ್ವಾ? ಎರಡು ಬಟ್ಟಲು, ಒಂದರಲ್ಲಿ ಚೌಕಾಬಾರದ ಕವಡೆ. ಹಕ್ಕಿ ಬಂದಾಗಲೆಲ್ಲ ಒಂದು ಕವಡೆ ಆಚೆ ಬಟ್ಟಲಿಗೆ. ಸಂಜೆ ಎಣಿಸಿ ನಿಮ್ಮ ಪುಸ್ತಕದ ಲೆಕ್ಕದ ಜೊತೆ ತಾಳೆ ನೋಡಿ. ನೀವು ಗಂಜಿ ಕಾಯಿಸುತ್ತಿರುವಾಗ ಬಂದ ಹಕ್ಕಿಯನ್ನು ಅವರು ನೋಡಿರುತ್ತಾರೆ. ಮಾತು ತೊದಲುವವರಿಗೂ ಮಗುವಿಗೆ ಹೇಳಲು ಒಂದು ಸುದ್ದಿ ಸಿಕ್ಕ ಹಾಗಾಗುತ್ತದೆ. ಬೇಡ ಎಂದರೆ ಒತ್ತಾಯ ಮಾಡಬೇಡಿ. ಫೋಟೋ ತೋರಿಸುವಾಗ ಕ್ಯಾಮೆರಾದ ಪುಟ್ಟ ಪರದೆ ಅವರ ಕಣ್ಣಿಗೆ ಸಾಲದು, ಟಿವಿಗೆ ಹಾಕಿ.

ಒಂದು ಎಚ್ಚರಿಕೆಯ ಮಾತು. ನಿದ್ದೆ ಬಾರದೆ, ಊಟ ಸೇರದೆ, ಸೂರಕ್ಕಿ ಕಂಡರೂ ಮನಸ್ಸಿಗೆ ಏನೂ ಅನಿಸದ ಹಾಗೆ ವಾರಗಟ್ಟಲೆ ಕಳೆದರೆ ಅದಕ್ಕೆ ಕ್ಯಾಮೆರಾ ಮದ್ದಲ್ಲ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಾನು ಅಂಥ ಹೊತ್ತಿನಲ್ಲಿ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡೆ. ನೀವು ಹಾಗೆ ಮಾಡಬೇಡಿ.

ಕೊನೆಗೆ ಲೆನ್ಸ್. ಬೇಡ. ಹನ್ನೆರಡು ಅಡಿ ದೂರದಿಂದ 250ರಲ್ಲಿ ನಿಮ್ಮ ಚೌಕಟ್ಟಿನ ಅಗಲ ಒಂದು ಅಡಿಗಿಂತ ತುಸು ಜಾಸ್ತಿ. ಗೂಡು ಹೆಚ್ಚುಕಡಿಮೆ ಒಂದು ಗೇಣು. ಇನ್ನೂ ಹತ್ತಿರ ಹೋದರೆ ಹಾರಿ ಬರುವ ಹಕ್ಕಿಗೆ ಚೌಕಟ್ಟಿನಲ್ಲಿ ಜಾಗವೇ ಇರುವುದಿಲ್ಲ. ದೊಡ್ಡ ಲೆನ್ಸಿಗೆಂದು ತೆಗೆದಿಟ್ಟ ದುಡ್ಡಿದ್ದರೆ ವಾರಕ್ಕೆ ಎರಡು ದಿನ ಹಗಲು ಹೊತ್ತು ಒಬ್ಬ ಹೋಮ್ ನರ್ಸ್ ಇಟ್ಟುಕೊಳ್ಳಿ. ಅವರು ಬಂದ ಮೊದಲ ದಿನ ಕ್ಯಾಮೆರಾ ಮುಟ್ಟಬೇಡಿ. ಪಕ್ಕದ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಮಲಗಿ.